ಟೇಪಣ್ಣನ ಪುಸ್ತಕದಲ್ಲಿ ನಾನು ಬರೆದ ಇಪ್ಪತ್ತಮೂರು ದಿನ

ನಮ್ಮ ಯಜಮಾನರು ಹತ್ತೊಂಬತ್ತು ವರ್ಷ ಬಂದರಿನಲ್ಲಿ ಶಾರ್ಕ್ ಅಳೆದರು. ಇಪ್ಪತ್ತಮೂರು ದಿನ ನಾನು ಅಳೆದೆ, ಅಡುಗೆಮನೆಯಲ್ಲಿ ಕೂತು, ಒಂದು ಮೀನನ್ನೂ ನೋಡದೆ. ನನ್ನ ಇಪ್ಪತ್ತಮೂರು ದಿನ ಅವರ ಹತ್ತೊಂಬತ್ತು ವರ್ಷವನ್ನು ನುಂಗಿಹಾಕುವುದರಲ್ಲಿತ್ತು. ಅದನ್ನೇ ಬರೆಯುತ್ತೇನೆ. ಅವರು ಹೋಗಿ ಏಳು ತಿಂಗಳಾಯಿತು. ಹೊಗಳಿ ಬರೆಯಲು ನನಗೆ ಬರುವುದಿಲ್ಲ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು.

ಮೊದಲು ಅವರು ಬಂದರಿನಲ್ಲಿ ಮಂಜುಗಡ್ಡೆ ಹೊರುತ್ತಿದ್ದರು. ಒಂದು ದಿನ ಸಮುದ್ರದ ಜೀವಿಗಳ ಬಗ್ಗೆ ಓದುತ್ತಿದ್ದ ಹುಡುಗಿಯೊಬ್ಬಳು ಕೈಯಲ್ಲಿ ಟೇಪು ಹಿಡಿದು ಬಂದಳು. ಈಗ ಅವಳು ದೊಡ್ಡ ಸಂಶೋಧಕಿ, ಎಲ್ಲರೂ ಮೇಡಂ ಅನ್ನುತ್ತಾರೆ. ನಾನೂ ಅನ್ನುತ್ತೇನೆ. ಆದರೆ ನನ್ನ ಕಣ್ಣಿಗೆ ಇನ್ನೂ ಆ ಹುಡುಗಿಯೇ, ಅದಕ್ಕೆ ‘ಅವಳು’ ಅಂತಲೇ ಬರೆಯುತ್ತೇನೆ. ಬಲೆಗೆ ಬಿದ್ದು ಬಂದ ಶಾರ್ಕ್‌ಗಳನ್ನು ದಿನಾ ಅಳೆದು ಬರೆದಿಡಲು ಅವಳಿಗೊಬ್ಬರು ಬೇಕಿತ್ತು. ಓದಿದವರು ಮೂವರು ಬಂದು ವಾಸನೆ ತಾಳದೆ ಓಡಿಹೋಗಿದ್ದರು. ನಮ್ಮವರ ಮೂಗು ಎಂದೋ ಸತ್ತಿತ್ತು.

ಅವಳು ಪರೀಕ್ಷೆ ಮಾಡಿದಳು. ಹತ್ತು ಮೀನು ಅಳೆಸಿದಳು. ಊಟಕ್ಕೆ ಕಳಿಸಿ, ಅದೇ ಹತ್ತನ್ನು ಹಿಂದುಮುಂದು ಮಾಡಿಟ್ಟು, ಬೇರೆ ಮೀನು ಅಂತ ಹೇಳಿ ಮತ್ತೆ ಅಳೆಸಿದಳು. ಒಂಬತ್ತಕ್ಕೆ ಅದೇ ಅಳತೆ ಬಂತು. ಹತ್ತನೆಯದು ಅರ್ಧ ಬೆರಳು ಕಡಿಮೆ. “ಇದು ಬೆಳಗಿನದೇ, ಬಿಸಿಲಿಗೆ ಒಣಗಿದೆ” ಅಂದರಂತೆ ಇವರು. ಕೆಲಸ ಸಿಕ್ಕಿತು.

ಶಾರ್ಕನ್ನು ಹಲಗೆಯ ಮೇಲೆ ನೇರ ಮಲಗಿಸಬೇಕು. ಮೂತಿಯಿಂದ ಬಾಲದ ತುದಿವರೆಗೆ ಅಳೆಯಬೇಕು. ಬೆನ್ನ ಮೇಲೆ ಟೇಪು ಎಳೆದರೆ ಉಬ್ಬೂ ಸೇರಿಕೊಂಡು ಮೀನು ಸುಮ್ಮಸುಮ್ಮನೆ ಉದ್ದವಾಗುತ್ತದೆ. ಗಂಡೋ ಹೆಣ್ಣೋ ನೋಡಬೇಕು. ಮರಿಯಾದರೆ ಎದೆಯ ಎರಡು ರೆಕ್ಕೆಗಳ ನಡುವೆ ಹೊಕ್ಕುಳದ ಗಾಯ ನೋಡಬೇಕು. ಶಾರ್ಕಿಗೆ ಹೊಕ್ಕುಳ ಇರುತ್ತದೆ ಅಂತ ನನಗೂ ಗೊತ್ತಿರಲಿಲ್ಲ. ಕೆಲವು ಜಾತಿಯವು ಮೊಟ್ಟೆ ಇಡುವುದಿಲ್ಲ, ನಮ್ಮ ಹಾಗೆ ಹೊಟ್ಟೆಯಲ್ಲಿ ಹೊತ್ತು ಹೆರುತ್ತವೆ. ಗಾಯ ಹಸಿಯಾಗಿದ್ದರೆ ಮರಿ ಹುಟ್ಟಿ ಕೆಲವೇ ದಿನ ಆಗಿದೆ ಅಂತ ಅರ್ಥ.

ಬಂದರಿನವರು ಅವರಿಗೆ ಟೇಪಣ್ಣ ಅಂತ ಹೆಸರಿಟ್ಟರು. ನಾನು ಟೇಪಕ್ಕ ಆದೆ. ನನ್ನ ತಮ್ಮ ಅಲ್ಲೇ ಮೀನು ಹರಾಜು ಕೂಗುತ್ತಾನೆ. ಒಮ್ಮೆ ಎಲ್ಲರೆದುರು, “ಭಾವ, ನಮ್ಮಕ್ಕನ ನಾಲಿಗೆ ಅಳೆದಿದ್ದೀರಾ?” ಅಂತ ಕೇಳಿದ. “ಟೇಪು ಸಾಲಲಿಲ್ಲ ಕಣಪ್ಪಾ” ಅಂದರು. ಆ ಮಾತು ವರ್ಷಗಟ್ಟಲೆ ಬಂದರಿನಲ್ಲಿ ಓಡಾಡಿತು.

ಅವರ ಪುಸ್ತಕದಲ್ಲಿ ಮೀನು ಬರೆಯದ ದಿನಕ್ಕೆ ಎರಡು ಮಾತಿದ್ದವು. ‘ಇಲ್ಲ’ ಅಂದರೆ, ಹೋದೆ, ಪ್ರತಿ ದೋಣಿ ನೋಡಿದೆ, ಶಾರ್ಕ್ ಬಂದಿಲ್ಲ. ‘ಹೋಗಲಿಲ್ಲ’ ಅಂದರೆ, ನಾನು ನೋಡಿಲ್ಲ, ಬಂದಿರಬಹುದು, ಬಂದಿಲ್ಲದಿರಬಹುದು. ಇವೆರಡನ್ನು ಬೆರೆಸಬಾರದು ಅಂತ ಮೇಡಂ ಮೊದಲ ದಿನವೇ ಹೇಳಿದ್ದಳಂತೆ. ಇವರು ಅದನ್ನು ಮನೆಯಲ್ಲಿ ನೂರು ಸಲ ಹೇಳಿದ್ದರು. ರಬ್ಬರು ಮುಟ್ಟುತ್ತಿರಲಿಲ್ಲ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿ ಬರೆದು ಸಹಿ ಹಾಕುತ್ತಿದ್ದರು.

ಅವರ ಲೆಕ್ಕದಿಂದಲೇ ಒಂಬತ್ತು ವರ್ಷದ ಹಿಂದೆ ಕೊಲ್ಲಿಗೆ ಬೀಗ ಬಿತ್ತು. ನದಿ ಸಮುದ್ರ ಸೇರುವ ಕಡೆಯ ಆಳವಿಲ್ಲದ ಕೊಲ್ಲಿ ಅದು. ತಾಯಿ ಶಾರ್ಕ್‌ಗಳು ಹೆರಲು ಅಲ್ಲಿಗೇ ಬರುತ್ತವೆ. ಹೆರುವ ಎರಡು ತಿಂಗಳು ಅಲ್ಲಿ ಬಲೆ ಹಾಕಬಾರದು ಅಂತ ಸರ್ಕಾರ ಆಜ್ಞೆ ಮಾಡಿತು. ಕೊಲ್ಲಿಯ ಬಾಯಿಂದ ಹೊರಬಿದ್ದ ಮರಿಗಳು ಮಾತ್ರ ಹೊರಗಿನ ಬಲೆಗೆ ಸಿಗುತ್ತಿದ್ದವು. ಅವನ್ನು ನಮ್ಮವರು ಅಳೆದು ಬರೆಯುತ್ತಿದ್ದರು. ಹೊರಗೆ ಎಷ್ಟು ಸಿಕ್ಕಿದವು ಅನ್ನುವುದರ ಮೇಲೆ ಒಳಗೆ ಎಷ್ಟು ಹುಟ್ಟಿದವು ಅಂತ ಮೇಡಂ ಅಂದಾಜು ಮಾಡುತ್ತಿದ್ದಳು.

ಹೋದ ವರ್ಷ ಆ ಹೆರುವ ಕಾಲಕ್ಕೇ ಅವರು ಮಲಗಿದರು. ಜ್ವರ ಶ್ವಾಸಕೋಶಕ್ಕೆ ಇಳಿಯಿತು. ಹನ್ನೊಂದು ದಿನ ಆಸ್ಪತ್ರೆ, ಆ ತಿಂಗಳ ಕೊನೆವರೆಗೆ ಹನ್ನೆರಡು ದಿನ ಮನೆಯ ಮಂಚ. ಪುಸ್ತಕ ಅಡುಗೆಮನೆಯ ಗೂಡಿನಲ್ಲಿ ಖಾಲಿ ಬಿದ್ದಿತ್ತು. ಹಿಂದಿನ ವರ್ಷ ಮೇಡಂ ಕಚೇರಿಯವನೊಬ್ಬ ಬಂದು, ವಯಸ್ಸಾಯಿತು, ಖಾಲಿ ದಿನ ಜಾಸ್ತಿಯಾದರೆ ಬೇರೆಯವರನ್ನು ನೋಡಬೇಕಾಗುತ್ತದೆ ಅಂತ ಹೇಳಿ ಹೋಗಿದ್ದ. ಆ ಮಾತು ನನ್ನ ತಲೆಯಲ್ಲಿ ಕೂತಿತ್ತು. ಕೆಲಸ ಹೋಯಿತು ಅಂತ ಗೊತ್ತಾದರೆ ಈ ಮನುಷ್ಯ ಮಂಚದಿಂದ ಏಳುವುದಿಲ್ಲ ಅಂತ ಹೆದರಿದೆ.

ಹಳೆಯ ಪುಟ ತೆರೆದು ಅವರ ಅಕ್ಷರ ನೋಡಿಕೊಂಡೆ. ದಿನಕ್ಕೊಂದರಂತೆ ‘ಇಲ್ಲ’ ಬರೆದೆ. ತಿಂಗಳ ಕೊನೆಗೆ ಹಾಳೆಗಳ ಪ್ರತಿಯನ್ನು ಲಕೋಟೆಗೆ ಹಾಕಿ, ಎಂದಿನಂತೆ ಮೇಡಂ ವಿಳಾಸಕ್ಕೆ ಅಂಚೆಗೆ ಹಾಕಿದೆ. ಎರಡು ಮಾತಿಗೂ ವ್ಯತ್ಯಾಸ ತಿಳಿದಿರಲಿಲ್ಲ ಅಂತ ಈಗ ಹೇಳಬಹುದು. ತಿಳಿದಿತ್ತು.

ಒಂದು ಸೋಮವಾರ ಮೇಡಂ ನಗರದಿಂದ ಬಂದಳು. ಇವರು ನಿದ್ದೆಯಲ್ಲಿದ್ದರು. ಎರಡು ದಿನದಿಂದ ಸಣ್ಣ ಜ್ವರ ಅಂದೆ. ಒಂದು ಸುಳ್ಳು ಹೇಳಿದವಳಿಗೆ ಎರಡನೆಯದು ತಾನಾಗಿ ಬರುತ್ತದೆ. ಅವಳು ಊಟದ ಮೇಜಿನ ಮೇಲೆ ಒಂದು ಕಾಗದ ಹರಡಿದಳು. ಅದರಲ್ಲಿ ಒಂದು ಗೆರೆ ವರ್ಷ ವರ್ಷ ಮೇಲೆ ಹತ್ತಿ, ಕೊನೆಗೆ ಬಾವಿಗೆ ಬಿದ್ದ ಹಾಗೆ ಕೆಳಗಿಳಿದಿತ್ತು.

“ಈ ವರ್ಷ ಮರಿಗಳೇ ಬಂದಿಲ್ಲ ಅಮ್ಮಾ. ಸಾಲಾಗಿ ಇಪ್ಪತ್ತಮೂರು ದಿನ ‘ಇಲ್ಲ’. ಶುಕ್ರವಾರ ಸಭೆ ಇದೆ. ಶಾರ್ಕೇ ಹೆರದ ಕೊಲ್ಲಿಗೆ ಬೀಗ ಯಾಕೆ ಅಂತ ದೋಣಿ ಸಂಘದವರು ಕೇಳ್ತಾರೆ. ನನ್ನ ಹತ್ರ ಉತ್ತರ ಇಲ್ಲ.”

ನನ್ನ ಬಾಯಿ ಒಣಗಿತು. ನೀರು ಬೇಕಾ ಅಂತ ಅವಳನ್ನೇ ಕೇಳಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಆ ಲಕೋಟೆ ಅಂಟಿಸಿದ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಲೇ ಇದ್ದೆ. ಅವಳು ಅವರನ್ನು ಎಬ್ಬಿಸಬೇಡಿ ಅಂತ ಹೇಳಿ ಹೋದಳು.

ಮರುದಿನ ತಮ್ಮ ಬಂದ. ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದೆ. ಭಾವ ಮಲಗಿದ ದಿನಗಳಲ್ಲೇ ಮರಿಗಳು ಬುಟ್ಟಿ ಬುಟ್ಟಿ ಬಂದವು, ಇಷ್ಟು ವರ್ಷದಲ್ಲಿ ಅಷ್ಟು ನೋಡಿರಲಿಲ್ಲ, ಒಂದೊಂದರ ಹೊಕ್ಕುಳೂ ಹಸಿ ಹಸಿ ಇತ್ತು ಅಂದ. ಯಾರಾದರೂ ಅಳೆದರಾ ಅಂತ ಕೇಳಿದೆ. ಟೇಪಣ್ಣ ಇಲ್ಲದೆ ಯಾರು ಅಳೆಯುತ್ತಾರೆ ಅಂದ.

ಒಗೆಯುವುದನ್ನು ನಿಲ್ಲಿಸಿ ನಾನು ಮಾಡಿದ್ದನ್ನು ಹೇಳಿದೆ. ಅವನು ಆಚೆ ಈಚೆ ನೋಡಿ ದನಿ ತಗ್ಗಿಸಿದ.

“ಅಕ್ಕಾ, ಸುಮ್ನಿದ್ದುಬಿಡು. ಒಂದು ತಿಂಗಳು ಸುಳ್ಳು ಅಂತ ಗೊತ್ತಾದ್ರೆ ಉಳಿದದ್ದನ್ನ ಯಾರು ನಂಬ್ತಾರೆ? ಒಂದು ಹನಿ ಹುಳಿ ಸಾಕು, ಕೊಡ ಹಾಲು ಒಡೀತದೆ.”

ಹೇಳಿದರೆ ಪುಸ್ತಕ ಹೋಗುತ್ತದೆ. ಹೇಳದಿದ್ದರೆ ಕೊಲ್ಲಿ ಹೋಗುತ್ತದೆ. ಎರಡೂ ಅವರದೇ. ಬುಧವಾರ ಪೂರ್ತಿ ಇದನ್ನೇ ಮಗುಚಿ ಹಾಕಿದೆ. ಅನ್ನ ಸೀದಿತು. ಅವರು ಒಳಗಿಂದ, ಏನೋ ಸುಟ್ಟ ವಾಸನೆ ಅಂದರು. ಸತ್ತ ಮೂಗಿಗೆ ಅದೊಂದು ಗೊತ್ತಾಯಿತು.

ಗುರುವಾರ ಮಧ್ಯಾಹ್ನ ಕಿಟಕಿಯ ಬಳಿ ಕುರ್ಚಿ ಹಾಕಿ ಅವರಿಗೆ ಗಡ್ಡ ಹೆರೆಯುತ್ತಿದ್ದೆ. ಅವರ ಕೈ ಇನ್ನೂ ನಡುಗುತ್ತಿತ್ತು. ಎಡಕೆನ್ನೆ ಮುಗಿದಿತ್ತು.

“ಪುಸ್ತಕ ತಂದುಕೊಡು. ಮಲಗಿದ್ದ ದಿನಕ್ಕೆಲ್ಲಾ ‘ಹೋಗಲಿಲ್ಲ’ ಬರೀಬೇಕು” ಅಂದರು.

ಬ್ಲೇಡು ಅವರ ಕತ್ತಿನ ಹತ್ತಿರ ನಿಂತಿತು. ಅಲ್ಲೇ ಹೇಳಿಬಿಟ್ಟೆ. ಬರೆದದ್ದು, ಕಳಿಸಿದ್ದು, ಮೇಡಂ ಬಂದದ್ದು, ಗೆರೆ ಬಿದ್ದದ್ದು, ತಮ್ಮ ಹೇಳಿದ ಬುಟ್ಟಿಗಳು, ನಾಳಿನ ಸಭೆ. ಅಳಲಿಲ್ಲ. ಅತ್ತರೆ ಕೈ ಅಲುಗುತ್ತಿತ್ತು.

ಅವರು ಕಿಟಕಿ ಕಡೆ ನೋಡುತ್ತಲೇ ಇದ್ದರು. ಸೋಪು ಒಣಗಿ ಬಿರುಕು ಬಿಟ್ಟಿತು. ಕೊನೆಗೆ ಅಂದರು:

“ಇನ್ನೊಂದು ಕೆನ್ನೆ ಮುಗಿಸು. ಅರ್ಧ ಬಿಟ್ರೆ ಸಭೇಲಿ ನಗ್ತಾರೆ.”

ಅಷ್ಟೇ. ಆಮೇಲೆ ನನ್ನೊಡನೆ ಒಂದು ಮಾತಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಶುಕ್ರವಾರ ಹತ್ತೊಂಬತ್ತು ಪುಸ್ತಕ ಗೋಣಿಚೀಲಕ್ಕೆ ತುಂಬಿದರು. ಹೊರಲು ತಮ್ಮ ಬಂದ. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಅಂತ ಬಸ್ಸಿನುದ್ದಕ್ಕೂ ಗೊಣಗಿದ. ಸಭೆ ಮೂರನೇ ಮಹಡಿಯಲ್ಲಿತ್ತು. ಲಿಫ್ಟು ಕೆಟ್ಟಿತ್ತು. ಐವತ್ತನಾಲ್ಕು ಮೆಟ್ಟಿಲು. ಆರಕ್ಕೊಮ್ಮೆ ನಿಂತರು. ಅವರ ಉಸಿರು ತಗಡು ಕೆರೆದ ಹಾಗೆ ಕೇಳುತ್ತಿತ್ತು. ಮೇಲಿಂದ ಮೈಕಿನ ಸದ್ದು. ಕೊಲ್ಲಿಯ ವಿಷಯ ಆಗಲೇ ಶುರುವಾಗಿತ್ತು. ನಾನು ಮುಂದೆ ಓಡಿಹೋಗಿ ತಡೆಯಲಾ ಅಂತ ಕೇಳಿದೆ. ಬೇಡ ಅಂತ ತಲೆಯಾಡಿಸಿದರು.

ನಾವು ಬಾಗಿಲಿಗೆ ಬಂದಾಗ ಅಧ್ಯಕ್ಷ ಅಧಿಕಾರಿ, ಸರಿ ಹಾಗಾದರೆ, ಆಜ್ಞೆ ಹಿಂದಕ್ಕೆ ಪಡೆಯೋಣ ಅಂತ ಬರೆಯುವವನಿಗೆ ಹೇಳುತ್ತಿದ್ದರು. ನಮ್ಮವರು ಕೈಯೆತ್ತಿದರು.

“ಇಪ್ಪತ್ತಮೂರು ದಿನ...” ಅಂದರು. ಉಸಿರು ಕಟ್ಟಿತು. ಮತ್ತೆ ಬಾಯಿ ತೆರೆದರು, ದನಿ ಬರಲಿಲ್ಲ. ಎಲ್ಲರೂ ತಿರುಗಿ ನೋಡಿದರು. ಅವರು ಗೋಡೆಗೆ ಒರಗಿ ನನ್ನ ಕಡೆ ನೋಡಿದರು. ಗುರುವಾರದ ನಂತರ ಅವರು ನನ್ನ ಮುಖ ನೋಡಿದ್ದು ಅದೇ ಮೊದಲು.

ನಾನು ಹೇಳಿದೆ. ಮೈಕು ಇರಲಿಲ್ಲ, ಹಿಂದೆ ಬಂದರಿನಲ್ಲಿ ಮೀನು ಮಾರುತ್ತಾ ಕೂಗಿ ಅಭ್ಯಾಸವಿದ್ದದ್ದು ಒಳ್ಳೆಯದಾಯಿತು.

“ಆ ‘ಇಲ್ಲ’ ಬರೆದದ್ದು ನಾನು. ಇವರು ಆಸ್ಪತ್ರೆಯಲ್ಲಿದ್ದರು. ಬಂದರಿಗೆ ಯಾರೂ ಹೋಗಿ ನೋಡಿಲ್ಲ. ಮರಿ ಬಂದಿತ್ತೋ ಇಲ್ಲವೋ ಆ ಪುಸ್ತಕಕ್ಕೆ ಗೊತ್ತಿಲ್ಲ.”

ತಮ್ಮ ಹಿಂದಿನಿಂದ, ಬಂದಿತ್ತು, ನಾನೇ ಹರಾಜು ಕೂಗಿದ್ದೇನೆ ಅಂದ. ಬರೆದಿಟ್ಟಿದ್ದೀಯಾ ಅಂತ ಅಧ್ಯಕ್ಷರು ಕೇಳಿದರು. ಇಲ್ಲ ಅಂದ. ಹಾಗಾದರೆ ಅದೂ ಲೆಕ್ಕಕ್ಕೆ ಬರುವುದಿಲ್ಲ ಅಂದವಳು ಮೇಡಂ. ತನ್ನ ಪರವಾಗಿ ಬಂದ ಸಾಕ್ಷಿಯನ್ನೂ ಬೇಡ ಅಂದಳಲ್ಲ, ನನಗೆ ಸಿಟ್ಟು ಬಂತು. ಇವರು ಮಾತ್ರ ಹೌದು ಅಂತ ತಲೆಯಾಡಿಸಿದರು.

ದೋಣಿ ಸಂಘದ ಮುಖಂಡ ಎದ್ದ. ಎರಡು ದೋಣಿಯ ಮಾಲೀಕ, ದೊಡ್ಡ ಬಾಯಿ. ಇವರ ಜೊತೆಗೇ ಮಂಜುಗಡ್ಡೆ ಹೊತ್ತವನು.

“ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದಹಾಗಾಯ್ತು ನಿಮ್ಮ ಸಂಶೋಧನೆ ಮೇಡಂ. ಒಬ್ಬನೇ ಅಳೀತಾನೆ, ಒಬ್ಬನೇ ಬರೀತಾನೆ. ಅವನು ಮಲಗಿದ್ರೆ ಹೆಂಡ್ತಿ ಬರೀತಾಳೆ. ಇದನ್ನ ನಂಬಿ ಒಂಬತ್ತು ವರ್ಷ ನಮ್ಮ ಬಲೆ ಒಣಗಿಸಿದ್ರಿ.”

ಮೇಡಂ ಕೂತಲ್ಲಿಂದ ಎದ್ದಳು. ಅವನು ಹೇಳುವುದು ನಿಜ ಅಂದಳು. ಇಷ್ಟು ವರ್ಷದಲ್ಲಿ ತಾನು ಒಂದು ಸಲವೂ ಬೇರೆ ಕೈಯಿಂದ ಮರು ಅಳತೆ ಮಾಡಿಸಿಲ್ಲ, ಅದು ತನ್ನ ತಪ್ಪು, ಟೇಪಣ್ಣನದಲ್ಲ. ಈ ವರ್ಷದ ವರದಿ ವಾಪಸ್ ತೆಗೆದುಕೊಳ್ಳುತ್ತೇನೆ ಅಂತ ಆ ಗೆರೆಯ ಕಾಗದವನ್ನು ಮಡಚಿದಳು.

ಆಗ ನಮ್ಮವರು ಗೋಣಿಚೀಲವನ್ನು ಕಾಲಿನಿಂದ ಮುಖಂಡನ ಕಡೆ ತಳ್ಳಿದರು. “ನೀನೇ ನೋಡು” ಅಂದರು. ಇದ್ದ ಉಸಿರು ಆ ಎರಡು ಮಾತಿಗಷ್ಟೇ ಸಾಕಾಯಿತು.

ಮುಖಂಡ ಜಾಣ. ಯಾವುದೋ ಪುಟ ತೆಗೆಯಲಿಲ್ಲ. ಆರು ವರ್ಷದ ಹಿಂದೆ ಬಿರುಗಾಳಿಗೆ ತನ್ನ ದೋಣಿ ಮಗುಚಿದ ದಿನ ಅವನಿಗೆ ನೆನಪಿತ್ತು. ಅಂದು ಬಂದರಿಗೆ ಒಂದು ಬುಟ್ಟಿಯೂ ಬಂದಿರಲಿಲ್ಲ. ಆ ದಿನಕ್ಕೆ ಮೀನು ಬರೆದಿದ್ದರೆ ಸಿಕ್ಕಿಬಿದ್ದ ಹಾಗೇ. ಕನ್ನಡಕ ಹಾಕಿ ಹುಡುಕಿದ. ಅವರು ಯಾವ ದಿನ ಏನು ಬರೆದಿದ್ದರು ಅಂತ ನನಗೇನು ಗೊತ್ತು? ನಾನು ನೆಲ ನೋಡುತ್ತಾ ನಿಂತೆ.

ಅವನು ಓದಿದ. ಹೋದೆ. ಬಂದರು ಮುಚ್ಚಿದೆ. ಒಂದು ದೋಣಿ ಮಗುಚಿದೆ. ಜನ ಉಳಿದರು. ಅಳತೆ ಇಲ್ಲ.

ಇನ್ನೊಂದು ಪುಸ್ತಕ ತೆಗೆದ. ಏನೋ ಸಿಕ್ಕಿತು, ಮನಸ್ಸಿನಲ್ಲೇ ಓದಿ ಮುಚ್ಚಲು ಹೋದ. ತಮ್ಮ ಇಣುಕಿ ಜೋರಾಗಿ ಓದಿಬಿಟ್ಟ. ಮುಖಂಡ ಹಿಡಿದು ತಂದು, ಹದಿನೈದು ಅಡಿ ಅಂತ ಊರೆಲ್ಲ ಹೇಳಿಕೊಂಡು ತಿರುಗಿದ ಶಾರ್ಕು. ಪುಸ್ತಕದಲ್ಲಿ ಹತ್ತು ಅಡಿ ನಾಲ್ಕು ಅಂಗುಲ. ಸಭೆ ನಕ್ಕಿತು. ಅವನೂ ನಕ್ಕ, ತಡವಾಗಿ. ಮತ್ತೂ ತಿರುವಿದ. ‘ಬಾಲ ತುಂಡು, ಉದ್ದ ಲೆಕ್ಕಕ್ಕೆ ಬೇಡ’. ‘ಹೋಗಲಿಲ್ಲ, ಮಗಳಿಗೆ ಹೆರಿಗೆ’. ‘ಮೂರು ಮೀನು ನಾನು ಬರುವ ಮೊದಲೇ ಕತ್ತರಿಸಿದರು, ಯಾವ ಜಾತಿ ತಿಳಿಯದು’.

“ಇವನು ಸುಳ್ಳು ಬರೆಯೋನಲ್ಲ. ಅದು ನಂಗೆ ಮೊದಲೂ ಗೊತ್ತಿತ್ತು. ಆದ್ರೂ ಕೊಲ್ಲಿ ನಮಗೆ ಬೇಕು” ಅಂತ ಕೂತ.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಮುಗಿಯಲಿಲ್ಲ. ನಾಲ್ಕಾರು ಪುಟ ನೋಡಿದರೆ ಪರೀಕ್ಷೆ ಆಗುವುದಿಲ್ಲ ಅಂದಳು ಮೇಡಂ. ಚೀಟಿ ಎತ್ತಿ ಮೂವತ್ತು ದಿನ ಆರಿಸಬೇಕು, ಬಂದರಿನ ಗೇಟಿನಲ್ಲಿ ಬರೆದಿಟ್ಟ ದೋಣಿಗಳ ಪಟ್ಟಿಯ ಜೊತೆ ಹೋಲಿಸಬೇಕು, ಹೋಲಿಸುವವರು ತಾನಾಗಬಾರದು, ಹೊರಗಿನವರಾಗಬೇಕು. ಇವತ್ತು ಬದುಕಿಕೊಂಡವರನ್ನು ಮತ್ತೆ ನೀರಿಗೆ ತಳ್ಳುತ್ತಾಳಲ್ಲ ಅಂದುಕೊಂಡೆ. ಅಧ್ಯಕ್ಷರು ಮೂರು ವಾರ ಕೊಟ್ಟರು. ಈ ವರ್ಷಕ್ಕೆ ‘ಮಾಹಿತಿ ಇಲ್ಲ’ ಅಂತ ಬರೆದು, ಕೊಲ್ಲಿಯ ಬೀಗ ಇನ್ನೊಂದು ಹೆರುವ ಕಾಲದವರೆಗೆ ಇರಲಿ ಅಂದರು.

ಆ ಮೂರು ವಾರ ಅವರು ಕುರ್ಚಿಯಲ್ಲೇ ಕೂತು ನಿದ್ದೆ ಮಾಡಿದರು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಬೇಕಾದ್ದನ್ನು ಹೇಳಿದ್ದರು. ಪುಸ್ತಕದ ಸುದ್ದಿ ಬರುವ ಮೊದಲೇ ಹೋಗಿಬಿಟ್ಟರೆ? ಸುದ್ದಿ ಬಂದು ಅದು ಕೆಟ್ಟದಾಗಿದ್ದರೆ? ಎರಡನ್ನೂ ಮಡಿಲಲ್ಲಿ ಕಟ್ಟಿಕೊಂಡು ಓಡಾಡಿದೆ. ಅವರು ನನ್ನೊಡನೆ ನೀರು, ಮಾತ್ರೆ, ಕಿಟಕಿ, ಇಷ್ಟೇ ಮಾತಾಡುತ್ತಿದ್ದರು.

ಇಪ್ಪತ್ತನೇ ದಿನ ಮೇಡಂ ಬಂದಳು. ಮೂವತ್ತರಲ್ಲಿ ಇಪ್ಪತ್ತೆಂಟು ದಿನ ಸರಿಹೊಂದಿತ್ತು. ಒಂದು ಕಡೆ ತಾರೀಖು ತಪ್ಪು, ಒಂದು ಕಡೆ ತಡವಾಗಿ ಬಂದ ದೋಣಿ ಬಿಟ್ಟುಹೋಗಿತ್ತು. ಹತ್ತೊಂಬತ್ತು ವರ್ಷ ಉಳಿಯಿತು. ಮುಂದಿನ ಕಾಲದಿಂದ ಇಬ್ಬರು ಅಳೆಯುತ್ತಾರೆ, ಬಲೆ ಹೊಲಿಯುವ ಹೆಂಗಸೊಬ್ಬಳನ್ನು ಅಳತೆ ಕಲಿಯಲು ತೆಗೆದುಕೊಂಡಿದ್ದೇವೆ, ಹತ್ತು ದಿನಕ್ಕೊಮ್ಮೆ ಒಬ್ಬರು ಅಳೆದದ್ದನ್ನು ಇನ್ನೊಬ್ಬರು ಅಳೆಯುತ್ತಾರೆ ಅಂದಳು. ನಾನು ಗೋಡೆ ಹಿಡಿದು ಕೂತೆ. ಅವರು, “ಎರಡು ತಪ್ಪಾ?” ಅಂತ ಮುಖ ಸಣ್ಣ ಮಾಡಿಕೊಂಡರು.

ಆಮೇಲೆ ಅವಳು ಒಂದು ಹಾಳೆ ತೆಗೆದಳು. ಲೆಕ್ಕದಿಂದ ಏನನ್ನೇ ತೆಗೆದರೂ ಯಾಕೆ ತೆಗೆದೆವು ಅಂತ ಬರೆಯಬೇಕಂತೆ. ಇಲ್ಲದಿದ್ದರೆ ಬೇಡದ್ದನ್ನೆಲ್ಲ ಯಾರು ಬೇಕಾದರೂ ಕಿತ್ತುಹಾಕಬಹುದು. ಇಪ್ಪತ್ತಮೂರು ದಿನ, ಕಾರಣ ಏನು ಅಂತ ಕೇಳಿದಳು.

ಅವರು ಒಂದೊಂದೇ ಉಸಿರಿಗೆ ಒಂದೊಂದು ಹೇಳಿದರು. ಅಳೆಯುವವನಿಗೆ ಕಾಯಿಲೆ. ಹೆಂಡತಿ ಬರೆದಳು. ನೋಡದೆ ಬರೆದಳು.

“ರೀ, ಅದು ಅಚ್ಚಾಗುತ್ತೆ. ‘ಮನೆಯವರು’ ಅಂತ ಹಾಕ್ಸಿ” ಅಂದೆ.

“ಮನೆಯವರು ಅಂದ್ರೆ ಮಗಳೂ ಸೇರ್ತಾಳೆ. ಯಾರು ಅಂತ ಬೇಕು.”

“ನಾಲ್ಕು ಜನ ಓದ್ತಾರೆ. ನನ್ನ ಮಾನ ನಿಮಗೆ ಬೇಡ್ವಾ?”

“ಬರೆದದ್ದು ನೀನೇ ತಾನೆ?”

ನಾನು ಪಾತ್ರೆ ಕುಕ್ಕಿ ಒಳಗೆ ಹೋದೆ. ನಾವಿಬ್ಬರೂ ಆಡಿದ ಕೊನೆಯ ಜಗಳ ಅದೇ. ಒಳಗೂ ಅವರ ಉಸಿರು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ದನಿ ಬಂತು. ಇನ್ನೊಂದು ಮಾತು ಸೇರಿಸಿ ಅಂದರು. ಹೆದರಿ ಬರೆದಳು.

ಅಂಥದ್ದನ್ನು ಕಾರಣದ ಕಡೆ ಬರೆಯುವ ಪದ್ಧತಿ ಇಲ್ಲ ಅಂದಳು ಮೇಡಂ.

“ಕಾರಣ ಕೇಳಿದ್ದು ನೀವು. ಅದೇ ಕಾರಣ. ಬರ್ಕೊಳ್ಳಿ.”

ಅವರು ಹೋದದ್ದು ಅದಾಗಿ ಹನ್ನೊಂದನೇ ದಿನ, ಬೆಳಿಗ್ಗೆ, ಅದೇ ಕುರ್ಚಿಯಲ್ಲಿ. ವರದಿ ಅಚ್ಚಾಗಿ ಬಂದಾಗ ಮನೆಯಲ್ಲಿ ನಾನೊಬ್ಬಳೇ. ಅಕ್ಷರ ಕೂಡಿಸಿ ಓದುವವಳು, ನಲವತ್ತು ಪುಟ ದಾಟಿ ಅದನ್ನು ಹುಡುಕಲು ಮಧ್ಯಾಹ್ನವಾಯಿತು. ಸಣ್ಣ ಅಕ್ಷರದಲ್ಲಿ, ಪುಟದ ಕೆಳಗಿದೆ. ಇಪ್ಪತ್ತಮೂರು ದಿನದ ದಾಖಲೆ ತೆಗೆಯಲಾಗಿದೆ. ಅಳೆಯುವವರು ಕಾಯಿಲೆಯಲ್ಲಿದ್ದಾಗ ಅವರ ಹೆಂಡತಿ ನೋಡದೆ ಬರೆದದ್ದು. ಹೆದರಿ ಬರೆದದ್ದು.